ಅಂಗನವಾಡಿ ಕಾರ್ಯಕರ್ತೆಯರ ಡಿಜಿಟಲ್ ತರಬೇತಿ
ಭಾರತದ ಅಂಗನವಾಡಿಗಳಲ್ಲಿ ಕಾಗದದ ರಿಜಿಸ್ಟರುಗಳ ಜಾಗಕ್ಕೆ ಮೊಬೈಲ್ ಆ್ಯಪ್ ಬಂದ ಮೇಲೆ ಕಾರ್ಯಕರ್ತೆಯರಿಗೆ ಅಗತ್ಯವಾದ ಕಲಿಕೆ ಇದು. 2018ರ ಮಾರ್ಚ್ 8ರಂದು ಆರಂಭವಾದ ಪೌಷ್ಟಿಕತೆಯ ಯೋಜನೆ ಪೋಷಣ್ ಅಭಿಯಾನದಡಿ ಸ್ಮಾರ್ಟ್‌ಫೋನ್ ವಿತರಣೆಯಾಯಿತು. 2021ರ ಮಾರ್ಚ್ 1ರಿಂದ ಪೋಷಣ್ ಟ್ರ್ಯಾಕರ್ ಆ್ಯಪ್ ಬಳಕೆಗೆ ಬಂತು. ಅಂಗನವಾಡಿ ಕೇಂದ್ರ ತೆರೆದದ್ದು, ಮಕ್ಕಳ ಹಾಜರಾತಿ, ಆಹಾರ ವಿತರಣೆ ಎಲ್ಲವನ್ನೂ ಇದರಲ್ಲಿ ದಾಖಲಿಸಬೇಕು. ಮಗುವಿನ ತೂಕ, ಎತ್ತರ ತುಂಬಿದರೆ ಬೆಳವಣಿಗೆಯ ಮಟ್ಟವನ್ನು ಆ್ಯಪ್ ತೋರಿಸುತ್ತದೆ. ಅಂಕಿ ತಪ್ಪಿದರೆ ಅಪೌಷ್ಟಿಕ ಮಗು ಲೆಕ್ಕದಿಂದಲೇ ಬಿಟ್ಟುಹೋಗಬಹುದು. ಕಳಪೆ ಫೋನ್, ನೆಟ್‌ವರ್ಕ್ ಕೊರತೆ, ಇಂಗ್ಲಿಷ್‌ನಲ್ಲಿ ಮಾಹಿತಿ ತುಂಬುವ ಕಷ್ಟ ಆರಂಭದಲ್ಲಿ ಮುಖ್ಯ ತೊಡಕುಗಳಾಗಿದ್ದವು. ಇದೇ ಕಾರಣಗಳಿಗಾಗಿ 2021ರಲ್ಲಿ ಮಹಾರಾಷ್ಟ್ರದ ಸಾವಿರಾರು ಕಾರ್ಯಕರ್ತೆಯರು ಫೋನ್‌ಗಳನ್ನೇ ಹಿಂದಿರುಗಿಸಿ ಪ್ರತಿಭಟಿಸಿದರು. ಆ್ಯಪ್ ಬದಲಾದಂತೆಲ್ಲ ಮೇಲ್ವಿಚಾರಕಿಯರ ಮೂಲಕ, ಅವರವರ ಭಾಷೆಯಲ್ಲಿ, ಫೋನ್ ಕೈಗಿತ್ತು ಮಾಡಿಸಿ ಕಲಿಸುವ ನಿರಂತರ ತರಬೇತಿ ಅತ್ಯಗತ್ಯ.