ಇಗೋರನ ದಂಡಯಾತ್ರೆಯ ಕಥನ: ಕರ್ತೃತ್ವ ಮತ್ತು ಕಾಲನಿರ್ಣಯ

'ಇಗೋರನ ದಂಡಯಾತ್ರೆಯ ಕಥನ' (ರಷ್ಯನ್ ಹೆಸರು: 'ಸ್ಲೋವೊ ಓ ಪೊಲ್ಕು ಇಗೊರೆವೆ') ಹಳೆಯ ಪೂರ್ವ ಸ್ಲಾವಿಕ್ ಭಾಷೆಯ ವೀರಕಥನ. 1185ರಲ್ಲಿ ನೊವ್‌ಗೊರೊದ್-ಸೆವೆರ್‌ಸ್ಕಿಯ ರಾಜಕುಮಾರ ಇಗೋರ್ ಸ್ವ್ಯಾತೊಸ್ಲಾವಿಚ್ ಪೊಲೊವ್‌ತ್ಸಿ ಎಂಬ ಅಲೆಮಾರಿ ಜನರ ಮೇಲೆ ದಂಡೆತ್ತಿ ಹೋಗಿ ಸೋತು ಸೆರೆಯಾದದ್ದು ಹಾಗೂ ತಪ್ಪಿಸಿಕೊಂಡು ಮರಳಿದ್ದು ಇದರ ವಸ್ತು. ಕೃತಿಯಲ್ಲಿ ಕರ್ತೃವಿನ ಹೆಸರಿಲ್ಲ. ಮೂಲ ಹಸ್ತಪ್ರತಿ ನಾಶವಾಗಿರುವುದರಿಂದ ಇದು 12ನೆಯ ಶತಮಾನದ ರಚನೆಯೋ 18ನೆಯ ಶತಮಾನದ ಕೃತಕ ಸೃಷ್ಟಿಯೋ ಎಂಬ ವಿವಾದ ದೀರ್ಘಕಾಲ ನಡೆಯಿತು.

ಹಸ್ತಪ್ರತಿ

18ನೆಯ ಶತಮಾನದ ಕೊನೆಯಲ್ಲಿ ಕೌಂಟ್ ಅಲೆಕ್ಸೈ ಮೂಸಿನ್-ಪುಷ್ಕಿನ್ ಸಂಗ್ರಹದಲ್ಲಿ ಈ ಕೃತಿ ಬೆಳಕಿಗೆ ಬಂದಿತು. ಅದು ಯಾರೊಸ್ಲಾವ್ಲ್ ನಗರದ ಮಠದಿಂದ ದೊರೆಯಿತೆಂದು ಅವರು ತಿಳಿಸಿದ್ದರು. 1800ರಲ್ಲಿ ಮೊದಲ ಮುದ್ರಣ ಹೊರಬಂದಿತು. 1812ರ ಮಾಸ್ಕೋ ಅಗ್ನಿದುರಂತದಲ್ಲಿ ಹಸ್ತಪ್ರತಿ ಸುಟ್ಟುಹೋಯಿತು. ಮುದ್ರಿತ ಪಾಠ ಮತ್ತು ಸಾಮ್ರಾಜ್ಞಿ ಎರಡನೆಯ ಕ್ಯಾಥರೀನ್‌ಗಾಗಿ ಮಾಡಿದ ನಕಲು ಮಾತ್ರ ಉಳಿದವು.

ಸಂಶಯವಾದ

1380ರ ಕುಲಿಕೊವೊ ಯುದ್ಧವನ್ನು ವರ್ಣಿಸುವ 'ಝಾದೊನ್‌ಶ್ಚಿನ' 1852ರಲ್ಲಿ ಪ್ರಕಟವಾದಾಗ ಎರಡೂ ಕೃತಿಗಳ ನಡುವೆ ನಿಕಟ ಸಾಮ್ಯ ಕಂಡುಬಂದಿತು. ಇಗೋರನ ಕಥನವನ್ನೇ ಇದು ಅನುಸರಿಸಿದೆಯೆಂಬುದು ಬಹುಮತದ ನಿಲುವು. ಇದಕ್ಕೆ ವಿರುದ್ಧವಾಗಿ ಫ್ರೆಂಚ್ ವಿದ್ವಾಂಸ ಆಂದ್ರೆ ಮಾಝೋನ್, 'ಝಾದೊನ್‌ಶ್ಚಿನ'ವನ್ನು ಆಧರಿಸಿ ಇಗೋರನ ಕಥನವನ್ನು ಹೆಣೆಯಲಾಗಿದೆ ಎಂದು ವಾದಿಸಿದರು. 1963ರಲ್ಲಿ ಸೋವಿಯತ್ ಇತಿಹಾಸಕಾರ ಅಲೆಕ್ಸಾಂಡರ್ ಝಿಮಿನ್, ಯಾರೊಸ್ಲಾವ್ಲ್ ಮಠದ ಮುಖ್ಯಸ್ಥರಾಗಿದ್ದ ಇಯೊಯಿಲ್ ಬಿಕೊವ್‌ಸ್ಕಿಯೇ ಕರ್ತೃ ಎಂದರು. ಅವರ ಗ್ರಂಥ ಪೂರ್ಣರೂಪದಲ್ಲಿ ಪ್ರಕಟವಾದದ್ದು ಅವರ ಮರಣಾನಂತರ, 2006ರಲ್ಲಿ. 2003ರಲ್ಲಿ ಅಮೆರಿಕದ ಎಡ್ವರ್ಡ್ ಕೀನನ್, ಚೆಕ್ ವಿದ್ವಾಂಸ ಯೋಸೆಫ್ ದೊಬ್ರೊವ್‌ಸ್ಕಿಯನ್ನು ಕರ್ತೃವೆಂದು ಸೂಚಿಸಿದರು.

ಭಾಷಿಕ ಸಾಕ್ಷ್ಯ

ಮಾಝೋನ್‌ರ ವಾದವನ್ನು ರೋಮನ್ ಯಾಕಬ್ಸನ್ 1948ರಲ್ಲಿ ವಿವರವಾಗಿ ಖಂಡಿಸಿದರು. 2004ರಲ್ಲಿ ಅಂದ್ರೇ ಝಲಿಝ್ನ್ಯಾಕ್ ಪ್ರಕಟಿಸಿದ ಅಧ್ಯಯನ ಚರ್ಚೆಗೆ ಹೊಸ ಆಧಾರ ಒದಗಿಸಿತು. ಸ್ವತಂತ್ರ ಸ್ವರಾಘಾತವಿಲ್ಲದ ಕಿರುಪದಗಳು ವಾಕ್ಯದಲ್ಲಿ ಎಲ್ಲಿ ಬರಬೇಕೆಂಬುದಕ್ಕೆ ಹಳೆಯ ಭಾಷೆಯಲ್ಲಿ ಕಟ್ಟುನಿಟ್ಟಾದ ನಿಯಮಗಳಿದ್ದವು. ನೊವ್‌ಗೊರೊದ್ ನಗರದಲ್ಲಿ 1951ರಿಂದ ದೊರೆತ ಬರ್ಚ್ ತೊಗಟೆಯ ಪತ್ರಗಳು ಈ ನಿಯಮಗಳನ್ನು ತಿಳಿಯಲು ನೆರವಾದವು. ಇಗೋರನ ಕಥನ ಅವುಗಳನ್ನು ಪಾಲಿಸುತ್ತದೆ. ಕೃತಿ ನಕಲಿಯಾಗಿದ್ದರೆ, ಭಾಷಾವಿಜ್ಞಾನ ಬಹುಕಾಲದ ನಂತರ ಕಂಡುಕೊಂಡ ಸಂಗತಿಗಳು 18ನೆಯ ಶತಮಾನದ ಲೇಖಕನಿಗೆ ಮೊದಲೇ ತಿಳಿದಿರಬೇಕಾಗಿತ್ತು. ಈ ಕಾರಣದಿಂದ ಹೆಚ್ಚಿನ ವಿದ್ವಾಂಸರು ಕೃತಿಯನ್ನು ಪ್ರಾಚೀನವೆಂದು ಒಪ್ಪುತ್ತಾರೆ.

ರಚನಾಕಾಲ ಮತ್ತು ಕರ್ತೃ

1187ರಲ್ಲಿ ನಿಧನನಾದ ಗಾಲಿಚ್‌ನ ದೊರೆ ಯಾರೊಸ್ಲಾವ್ ಒಸ್ಮೊಮಿಸ್ಲ್‌ನನ್ನು ಕೃತಿ ಜೀವಂತ ವ್ಯಕ್ತಿಯಂತೆ ಸಂಬೋಧಿಸುತ್ತದೆ. ಆದ್ದರಿಂದ ರಚನೆ ದಂಡಯಾತ್ರೆಯ ಬೆನ್ನಿಗೇ ನಡೆದಿರಬೇಕೆಂದು ಹಲವರು ಊಹಿಸುತ್ತಾರೆ. ಲೆವ್ ಗುಮಿಲ್ಯೋವ್ ಮಾತ್ರ ಇದನ್ನು 13ನೆಯ ಶತಮಾನಕ್ಕೆ ಸೇರಿಸಿದರು. ಬೊರಿಸ್ ರಿಬಕೊವ್, ಕೀವ್‌ನ ಶ್ರೀಮಂತ ಪ್ಯೋತ್ರ್ ಬೊರಿಸ್ಲಾವಿಚ್ ಕರ್ತೃವಾಗಿರಬಹುದೆಂದರು. ಈ ಯಾವ ಊಹೆಗೂ ನೇರ ಪುರಾವೆಯಿಲ್ಲ. ಕೃತಿಯ ಪ್ರಾಚೀನತೆ ಬಹುಮಟ್ಟಿಗೆ ಸ್ಥಿರಪಟ್ಟಿದ್ದರೂ ಕರ್ತೃ ಅನಾಮಧೇಯನಾಗಿಯೇ ಉಳಿದಿದ್ದಾನೆ.