ಲಾಲ್ ಮಹಲಿನ ತೊಲೆ, ಊಟಿಯ ಚರ್ಚು: 1799ರ ಮುತ್ತಿಗೆಯ ಸ್ಮಾರಕಗಳನ್ನು ಕುರಿತು

ಶ್ರೀರಂಗಪಟ್ಟಣ ಬಿದ್ದದ್ದು 1799ರ ಮೇ 4ರ ಮಧ್ಯಾಹ್ನ. ಆ ಯುದ್ಧದ ಸ್ಮಾರಕ ಯಾವುದೆಂದು ಕೇಳಿದರೆ ಮಂಡ್ಯ ಸೀಮೆಯವರು ಕೋಟೆಯೊಳಗಿನ ಕಲ್ಲುಕಂಬವನ್ನು ತೋರಿಸುತ್ತಾರೆ. ಮೈಸೂರು ಸರ್ಕಾರ ಅದನ್ನು ನಿಲ್ಲಿಸಿದ್ದು 1907ರಲ್ಲಿ, ಘಟನೆ ನಡೆದು 108 ವರ್ಷಗಳಾದ ಮೇಲೆ. ಅದಕ್ಕಿಂತ ಹಳೆಯದೊಂದು ಸ್ಮಾರಕ ಜಿಲ್ಲೆಯ ಹೊರಗೆ, ನೀಲಗಿರಿಯ ಮೇಲಿದೆ ಎಂಬುದು ನನ್ನ ವಾದ.

ಊಟಿಯ ಸಂತ ಸ್ತೇಫನ ಚರ್ಚಿನ ಅಡಿಗಲ್ಲು ಬಿದ್ದದ್ದು 1829ರ ಏಪ್ರಿಲ್ 23ರಂದು. 1830ರ ನವೆಂಬರ್ 5ರಂದು ಕಲ್ಕತ್ತೆಯ ಬಿಷಪ್ ಟರ್ನರ್ ಅದನ್ನು ದೇವರಿಗೆ ಸಮರ್ಪಿಸಿದರು. ಅದರ ತೊಲೆಗಳೂ ಮರಮುಟ್ಟುಗಳೂ ಟಿಪ್ಪುವಿನ ಲಾಲ್ ಮಹಲನ್ನು ಕೆಡವಿ ತಂದವು. ಕಟ್ಟಿಸಿದವರು ಮದರಾಸಿನ ಗವರ್ನರ್ ಸ್ಟೀಫನ್ ಲಷಿಂಗ್ಟನ್, ಮುತ್ತಿಗೆಯ ದಳಪತಿ ಜನರಲ್ ಹ್ಯಾರಿಸನ ಅಳಿಯ! ಮಾವ ಗೆದ್ದ ಅರಮನೆಯ ಮರ ಅಳಿಯನ ಚರ್ಚಿನ ಸೂರಾಯಿತು. ಸಂತ ಸ್ತೇಫನ ಕ್ರೈಸ್ತರ ಮೊದಲ ಹುತಾತ್ಮನೆಂಬುದು ನಿಜವೇ. ಆದರೆ ಗವರ್ನರರ ಹೆಸರೂ ಅದೇ ಆಗಿರುವುದನ್ನು ಗಮನಿಸದೆ ಇರಲಾಗದು. ಆ ಸಮರ್ಪಣೆ ಸತ್ತವರಿಗಾಗಿ ನಡೆದದ್ದಲ್ಲ. ಆದರೂ ಗೆಲುವಿನ ಗುರುತು ಆ ಸೂರಿನಲ್ಲೇ ಇದೆ.

1907ರ ಕಂಬವನ್ನು ನಿಲ್ಲಿಸಿದ್ದು ಮಡಿದವರಿಗಾಗಿಯೇ, ಆದರೆ ಒಂದು ಪಕ್ಷದವರಿಗಾಗಿ. ಏಪ್ರಿಲ್ 4ರಿಂದ ಮೇ 4ರವರೆಗಿನ ಇಂಗ್ಲಿಷ್ ಸೇನೆಯ ಲೆಕ್ಕದಲ್ಲಿ 22 ಅಧಿಕಾರಿಗಳು, 181 ಯುರೋಪಿಯನ್ ಸೈನಿಕರು, 119 ದೇಶೀ ಸಿಪಾಯಿಗಳು ಸತ್ತರು. ತಾರೀಖುಗಳನ್ನು ಇನ್ನೊಮ್ಮೆ ನೋಡಿ. ಹ್ಯಾರಿಸನ ದಂಡು ಮದ್ದೂರು ಹೊಳೆ ದಾಟಿ ಮಳವಳ್ಳಿಯಲ್ಲಿ ಟಿಪ್ಪುವಿನ ಸೈನ್ಯವನ್ನು ಎದುರಿಸಿದ್ದು ಮಾರ್ಚ್ 27ರಂದು. ಹಾಗಾಗಿ ಆ ಬಯಲಿನಲ್ಲಿ ಬಿದ್ದವರು, ಎರಡು ಕಡೆಯವರೂ, ಈ ಲೆಕ್ಕಕ್ಕೆ ಸೇರುವುದಿಲ್ಲ. ಮುತ್ತಿಗೆಯಲ್ಲಿ ಕೋಟೆ ಕಾದು ಸತ್ತವರಂತೂ ಯಾವ ಕಾಲಂನಲ್ಲೂ ಇಲ್ಲ.

ಶ್ರೀರಂಗಪಟ್ಟಣದ ಪಕ್ಕದ ಗಂಜಾಮಿನ ಚರ್ಚಿನ ಮಾತು ಬೇರೆ. 1784ರಲ್ಲಿ ಕರಾವಳಿಯಿಂದ ಸೆರೆಯಾಗಿ ಬಂದ ಕ್ರೈಸ್ತರಲ್ಲಿ ಉಳಿದವರನ್ನು ಕೂಡಿಸಲು ಕೋಟೆ ಬಿದ್ದ ಮೇಲೆ ಬಂದವರು ಫ್ರೆಂಚ್ ಪಾದ್ರಿ ಅಬ್ಬೆ ದುಬಾಯ್. ಅವರ ಹೆಸರಿನ ಆ ಚರ್ಚು ಗೆದ್ದವರದ್ದಲ್ಲ, ಬದುಕಿ ಉಳಿದವರದ್ದು.

ಮೈಸೂರು ಯುದ್ಧಗಳ ಸ್ಮಾರಕಗಳೆಲ್ಲ ಉಳಿದಿಲ್ಲ. ಬೆಂಗಳೂರಿನ 1791ರ ಮುತ್ತಿಗೆಯ ಸ್ಮಾರಕಸ್ತಂಭವನ್ನು ನಗರಪಾಲಿಕೆ 1964ರಲ್ಲಿ ಕೆಡವಿತು. ಶ್ರೀರಂಗಪಟ್ಟಣದ ಕಂಬ ಉಳಿದಿದೆ, ಉಳಿಯಲಿ. ಇಲ್ಲಿನ ಯುದ್ಧಸ್ಮಾರಕಗಳ ಪಟ್ಟಿಯನ್ನು ಮುಂದೆ ಯಾರೇ ಮಾಡಲಿ, ಗಂಜಾಮಿನ ಚರ್ಚನ್ನೂ ಊಟಿಯ ಆ ತೊಲೆಗಳನ್ನೂ ಅದರಲ್ಲಿ ಸೇರಿಸಬೇಕು.