ಸಾಕೆಟ್ಟಿನ ಆ ಹಾಳು ಕಾಸ್ಟ್

ಸಿ ಭಾಷೆಯಲ್ಲಿ ಸಾಕೆಟ್ ಪ್ರೋಗ್ರಾಮ್ ಬರೆದವರಿಗೆ ಗೊತ್ತು, ಬೈಂಡ್ ಕರೆಯುವಾಗಲೆಲ್ಲ ವಿಳಾಸವನ್ನು 'ಸಾಕ್‌ಅಡ್ಡರ್' ಪಾಯಿಂಟರಿಗೆ ಕಾಸ್ಟ್ ಮಾಡಬೇಕು. ಯಾಕೆ ಅಂತ ಕಾಲೇಜಿನಲ್ಲಿ ನಮಗ್ಯಾರೂ ಹೇಳಲಿಲ್ಲ, ಬಾಯಿಪಾಠ ಮಾಡಿದ್ದೇ ಬಂತು.

ಅಮೆರಿಕದ ಬರ್ಕ್ಲಿ ವಿಶ್ವವಿದ್ಯಾಲಯದಲ್ಲಿ ಬಿಲ್ ಜಾಯ್ ಮತ್ತು ಸಂಗಡಿಗರು ರೂಪಿಸಿದ ಸಾಕೆಟ್, 1983ರಲ್ಲಿ 4.2ಬಿಎಸ್‌ಡಿ ಯುನಿಕ್ಸ್ ಜೊತೆ ಹೊರಬಂತು. ಯಾವ ಪಾಯಿಂಟರನ್ನಾದರೂ ಒಪ್ಪಿಕೊಳ್ಳುವ 'ವಾಯ್ಡ್ ಸ್ಟಾರ್' ಸಿ ಭಾಷೆಯ ಆನ್ಸಿ ಮಾನಕಕ್ಕೆ ಸೇರಿದ್ದು 1989ರಲ್ಲಿ! ಅವರಿಗೋ ಇಂಟರ್ನೆಟ್ ವಿಳಾಸವೂ ಬೇಕು, ಒಂದೇ ಯಂತ್ರದೊಳಗಿನ ಮಾತುಕತೆಗೆ ಫೈಲಿನ ಹೆಸರೂ ಬೇಕು. ಹಾಗಾಗಿ ಎಲ್ಲಕ್ಕೂ ಹೊಂದುವ ಖಾಲಿ ಅಚ್ಚೊಂದನ್ನು ಮಾಡಿಟ್ಟರು. ನೋಡೋಕೆ ಚೆನ್ನಾಗಿಲ್ಲ, ನಿಜ. ಆದ್ರೆ 1990ರ ದಶಕದಲ್ಲಿ 4 ಬೈಟಿನ ವಿಳಾಸ ಸಾಲದೆ 16 ಬೈಟಿನ ಐಪಿವಿ6 ಬಂದಾಗ, ಬೈಂಡ್, ಕನೆಕ್ಟ್, ಅಕ್ಸೆಪ್ಟ್ ಯಾವುದರ ರೂಪವೂ ಬದಲಾಗಲಿಲ್ಲ. ಈಗಲೂ ಅದೇ ಕಾಸ್ಟ್ ಟೈಪ್ ಮಾಡ್ತೀನಿ, ಬೈಕೊಳ್ಳೋದು ಮಾತ್ರ ಬಿಟ್ಟಿದ್ದೀನಿ.